ಬಿಗಿ ಮಾಡಿದರೆ ಬಡಿಯುತ್ತದೆ, ಬಿಟ್ಟರೆ ಮುಚ್ಚುವುದಿಲ್ಲ: ತಾನಾಗಿ ಮುಚ್ಚುವ ಬಾಗಿಲಿಗೆ ಟೆನ್ಷನ್ ಎಷ್ಟಿರಬೇಕು?

ಪ್ರಶ್ನೆ: ನಮ್ಮ ಮುಂಬಾಗಿಲಿಗೆ ಮೇಲ್ಗಡೆ ಡೋರ್ ಕ್ಲೋಸರ್ ಇದೆ. ಕೆಲವು ತಿಂಗಳಿಂದ ಅದು ಪೂರ್ತಿ ಮುಚ್ಚುತ್ತಿರಲಿಲ್ಲ, ಕೊನೆಗೆ ಎರಡು ಬೆರಳಿನಷ್ಟು ಸಂದು ಬಿಟ್ಟು ನಿಲ್ಲುತ್ತಿತ್ತು. ಸ್ಪ್ರಿಂಗ್ ಸಡಿಲ ಆಗಿರಬೇಕು ಅಂತ ತುದಿಯ ಸ್ಕ್ರೂ ಚೆನ್ನಾಗಿ ಬಿಗಿ ಮಾಡಿದೆ. ಈಗ ಮುಚ್ಚುತ್ತದೆ, ಆದರೆ ಧಡಾರ್ ಅಂತ ಬಡಿಯುತ್ತದೆ. ಅಮ್ಮನಿಗೆ ಬಾಗಿಲು ತಳ್ಳಿ ತೆರೆಯೋಕೇ ಆಗುತ್ತಿಲ್ಲ. ಒಳಗಿನ ಇನ್ನೊಂದು ಬಾಗಿಲಿಗೆ ಸ್ಪ್ರಿಂಗ್ ಹಿಂಜ್ (ಒಳಗೆ ಸ್ಪ್ರಿಂಗ್ ಇರುವ ಕೀಲು) ಇದೆ, ಅದು ಅರ್ಧ ದಾರಿಗೇ ನಿಂತುಬಿಡುತ್ತದೆ. ಎರಡಕ್ಕೂ ಟೆನ್ಷನ್ ಎಷ್ಟು ಇಡಬೇಕು?

ಉತ್ತರ:

ಮೊದಲು ಅಮ್ಮನ ವಿಷಯ. ಇವತ್ತೇ ಆ ತುದಿಯ ಸ್ಕ್ರೂವನ್ನು ನೀವು ಎಷ್ಟು ಸುತ್ತು ತಿರುಗಿಸಿದ್ದಿರೋ ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿ. ಎಷ್ಟು ಅಂತ ಲೆಕ್ಕ ಇಟ್ಟಿಲ್ಲವಾದರೆ ಎರಡೆರಡು ಸುತ್ತು ಬಿಡುತ್ತಾ, ಪ್ರತಿ ಸಲ ಅಮ್ಮನ ಕೈಯಲ್ಲೇ ಬಾಗಿಲು ತೆರೆಸಿ ನೋಡಿ. ಅವರಿಗೆ ಆರಾಮ ಅನ್ನಿಸುವ ಕಡೆ ನಿಲ್ಲಿಸಿ. ಬಾಗಿಲು ಒಂದು ವಾರ ಎರಡು ಬೆರಳು ತೆರೆದೇ ಇದ್ದರೂ ಪರವಾಗಿಲ್ಲ. ವಯಸ್ಸಾದವರು ಭುಜ ಕೊಟ್ಟು ಬಾಗಿಲು ತಳ್ಳುವಾಗ ಒಂದು ಕಾಲಿನ ಮೇಲೆ ಭಾರ ಹಾಕಿರುತ್ತಾರೆ, ಆಗಲೇ ಅದು ವಾಪಸ್ ಬಂದು ಹಿಮ್ಮಡಿಗೆ ಬಡಿದರೆ ಬೀಳುವ ಅಪಾಯ ಇದೆ. (ಬಾಗಿಲು ಬೆಂಕಿ ತಡೆಯುವಂಥದ್ದಾದರೆ ಮಾತ್ರ ಲೆಕ್ಕ ಬೇರೆ. ಅದನ್ನು ಕೆಳಗೆ ಹೇಳುತ್ತೇನೆ.)

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ನೀವು ಮಾಡಿದ್ದನ್ನೇ ಬಹಳ ಜನ ಮಾಡುತ್ತಾರೆ. ಬಾಗಿಲು ಮುಚ್ಚಲಿಲ್ಲ ಅಂದ ಕೂಡಲೇ ಸ್ಪ್ರಿಂಗ್ ಬಿಗಿ ಮಾಡುತ್ತಾರೆ, ಆಮೇಲೆ ಬಡಿಯುತ್ತದೆ ಅಂತ ವೇಗದ ಸ್ಕ್ರೂ ಬಿಗಿ ಮಾಡುತ್ತಾರೆ, ಆಗ ಮತ್ತೆ ಮುಚ್ಚುವುದಿಲ್ಲ, ಮತ್ತೆ ಸ್ಪ್ರಿಂಗ್. ಹೀಗೆ ಎರಡನ್ನೂ ಜಗಳಕ್ಕೆ ಬಿಟ್ಟು ಕೊನೆಗೆ ಬಾಗಿಲು ಕಲ್ಲಿನ ಹಾಗೆ ಭಾರ ಆಗಿರುತ್ತದೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಬಾಗಿಲುಗಳ ಕೆಲಸ ಮಾಡಿದವನಾಗಿ ಹೇಳುತ್ತೇನೆ, ಟೆನ್ಷನ್ ಅನ್ನುವುದು ಕೊನೆಗೆ ಮುಟ್ಟಬೇಕಾದದ್ದು. ಮೊದಲು ಬಾಗಿಲು ಹಗುರವಾಗಿ ಆಡಬೇಕು. ಆಮೇಲೆ ಎಣ್ಣೆಯ ವಾಲ್ವ್. ಅದೂ ಸಾಲದಿದ್ದರೆ ಮಾತ್ರ ಸ್ಪ್ರಿಂಗ್.

ಕ್ಲೋಸರ್ ಒಳಗೆ ಏನಿದೆ ಅಂತ ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಗಟ್ಟಿಯಾದ ಒಂದು ಸ್ಪ್ರಿಂಗ್, ಅದಕ್ಕೆ ಒತ್ತಿಕೊಂಡಿರುವ ಒಂದು ಪಿಸ್ಟನ್, ಸುತ್ತ ಎಣ್ಣೆ. ನೀವು ಬಾಗಿಲು ತೆರೆದಾಗ ಕ್ಲೋಸರಿನಿಂದ ಹೊರಗೆ ಚಾಚಿರುವ ಲೋಹದ ತೋಳು ಒಂದು ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ, ಚಕ್ರ ಪಿಸ್ಟನ್ನನ್ನು ಸರಿಸುತ್ತದೆ, ಸ್ಪ್ರಿಂಗ್ ಕುಗ್ಗುತ್ತದೆ. ಕೈಬಿಟ್ಟಾಗ ಸ್ಪ್ರಿಂಗ್ ಹಿಗ್ಗುತ್ತಾ ಪಿಸ್ಟನ್ನನ್ನು ಹಿಂದಕ್ಕೆ ದೂಡುತ್ತದೆ. ಆದರೆ ಅದರ ಮುಂದೆ ಎಣ್ಣೆ ಇದೆ. ಆ ಎಣ್ಣೆ ಸಣ್ಣ ಸಣ್ಣ ದಾರಿಗಳಲ್ಲಿ ಮಾತ್ರ ಆಚೆ ಹೋಗಬೇಕು. ಆ ದಾರಿ ಅಗಲ ಮಾಡುವುದು, ಕಿರಿದು ಮಾಡುವುದು ವಾಲ್ವ್ ಸ್ಕ್ರೂಗಳ ಕೆಲಸ. ಅಂದರೆ ಬಲ ಸ್ಪ್ರಿಂಗಿನದು, ವೇಗ ಎಣ್ಣೆಯದು. ಇವೆರಡೂ ಬೇರೆ ಬೇರೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇನ್ನೊಂದು ವಿಷಯ: ನೀವು ತೆರೆಯುವಾಗ ಹಾಕಿದ ಬಲ ಪೂರ್ತಿ ವಾಪಸ್ ಬರುವುದಿಲ್ಲ, ಒಂದಷ್ಟು ಎಣ್ಣೆ ಮತ್ತು ಉಜ್ಜಾಟದಲ್ಲೇ ಹೋಗುತ್ತದೆ. ಹಾಗಾಗಿ ಮುಚ್ಚುವ ಬಲ ಸ್ವಲ್ಪ ಏರಿಸಿದರೂ ತೆರೆಯುವವರ ಕೈಗೆ ಅದಕ್ಕಿಂತ ಜಾಸ್ತಿ ಭಾರ ಬೀಳುತ್ತದೆ. ನಿಮ್ಮ ಅಮ್ಮನಿಗೆ ಆಗಿದ್ದು ಅದೇ.

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಹಿಡಿಕೆಯನ್ನು ತಿರುಗಿಸಿ ಹಿಡಿದುಕೊಳ್ಳಿ, ಬೀಗದ ನಾಲಿಗೆ ಒಳಗೇ ಇರಲಿ, ಹಾಗೇ ಬಾಗಿಲು ತಾನಾಗಿ ಮುಚ್ಚಲು ಬಿಡಿ, ನಿಮ್ಮ ಕೈ ಸುಮ್ನೆ ಜೊತೆಗೆ ಹೋಗಲಿ. ಹಿಡಿಕೆ ಇಲ್ಲದಿದ್ದರೆ ನಾಲಿಗೆಯನ್ನು ಒಳಗೆ ಒತ್ತಿ ಟೇಪ್ ಹಚ್ಚಿ. ಈಗ ಬಾಗಿಲು ಚೌಕಟ್ಟಿಗೆ ಪೂರ್ತಿ ಹೋಗಿ ಕೂತರೆ ಕ್ಲೋಸರಿನದು ತಪ್ಪೇ ಇಲ್ಲ, ತಪ್ಪು ಬೀಗದ್ದು. ಎರಡು ಬೆರಳು ಸಂದು ಬಿಟ್ಟು ನಿಲ್ಲುವ ಬಾಗಿಲುಗಳಲ್ಲಿ ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಚೌಕಟ್ಟಿನಲ್ಲಿರುವ ಲೋಹದ ತಟ್ಟೆಯ ತೂತು ಒಂದೆರಡು ಮಿಲಿಮೀಟರ್ ಮೇಲೆ ಕೆಳಗೆ ಆಗಿರುತ್ತದೆ, ಇಲ್ಲವೇ ನಾಲಿಗೆ ಒಣಗಿ ಒರಟಾಗಿರುತ್ತದೆ. ನಾಲಿಗೆಗೆ ಸೀಮೆಸುಣ್ಣ ಬಳಿದು ಒಂದು ಸಲ ಮುಚ್ಚಿ ನೋಡಿ, ತಟ್ಟೆಯ ಮೇಲೆ ಎಲ್ಲಿ ಗುರುತು ಬಿತ್ತೋ ಅಲ್ಲೇ ತಾಗುತ್ತಿದೆ. ತಟ್ಟೆಯನ್ನು ಸ್ವಲ್ಪ ಸರಿಸಿ, ಅಥವಾ ಅರದಿಂದ ಅಂಚು ಉಜ್ಜಿ. ನಾಲಿಗೆಗೆ ಪೆನ್ಸಿಲ್ ಸೀಸದ ಪುಡಿ ಹಚ್ಚಿದರೂ ಸಾಕು.

ಎರಡನೆಯದು ಗಾಳಿ. ಒಳಗೆ ಕಿಟಕಿಗಳೆಲ್ಲ ಮುಚ್ಚಿ, ಹೊಗೆ ಎಳೆಯುವ ಫ್ಯಾನ್ ಓಡುತ್ತಿದ್ದರೆ ಒಳಗೂ ಹೊರಗೂ ಗಾಳಿಯ ಒತ್ತಡ ಬೇರೆ ಆಗುತ್ತದೆ. ಅದು ಬಾಗಿಲನ್ನು ಕೊನೆಯ ಹತ್ತು ಸೆಂಟಿಮೀಟರಿನಲ್ಲಿ ತಡೆಯಬಹುದು, ಇಲ್ಲವೇ ಎಳೆದು ಬಡಿಸಬಹುದು. ಒಂದು ಕಿಟಕಿ ತೆರೆದಿಟ್ಟು ಮತ್ತೆ ನೋಡಿ. ವ್ಯತ್ಯಾಸ ಕಂಡರೆ ಸ್ಕ್ರೂ ಮುಟ್ಟುವ ಮುಂಚೆ ಯಾವ ಸ್ಥಿತಿ ನಿಮ್ಮ ಮನೆಯಲ್ಲಿ ಸಾಮಾನ್ಯ ಅಂತ ತೀರ್ಮಾನ ಮಾಡಿ, ಅದಕ್ಕೆ ತಕ್ಕಂತೆ ಹೊಂದಿಸಿ.

ಮೂರನೆಯದು ಬಾಗಿಲೇ. ಕ್ಲೋಸರಿನ ತೋಳನ್ನು ಬಿಡಿಸಿ, ಒಂದೇ ಬೆರಳಲ್ಲಿ ಬಾಗಿಲು ಆಡಿಸಿ. ತೋಳು ಬಿಡಿಸುವಾಗ ಹುಷಾರು, ಬಾಗಿಲು ಮುಚ್ಚಿದ್ದರೂ ಒಳಗಿನ ಸ್ಪ್ರಿಂಗಿನಲ್ಲಿ ಬಲ ಉಳಿದಿರುತ್ತದೆ, ಕೊನೆಯ ಸ್ಕ್ರೂ ಬಂದ ಕೂಡಲೇ ತೋಳು ಪಟ್ಟಂತ ತಿರುಗುತ್ತದೆ. ಮುಖ ದೂರ ಇಟ್ಟು, ಇನ್ನೊಬ್ಬರ ಕೈಯಲ್ಲಿ ತೋಳನ್ನು ಗಟ್ಟಿಯಾಗಿ ಹಿಡಿಸಿಕೊಂಡು ಬಿಡಿಸಿ. ತೋಳಿಲ್ಲದ ಬಾಗಿಲು ಎಲ್ಲಾದರೂ ಉಜ್ಜುತ್ತಿದೆಯೇ? ನೆಲಕ್ಕೆ ತಾಗುತ್ತಿದೆಯೇ? ಮೇಲಿನ ಹಿಂಜಿನ ಸ್ಕ್ರೂಗಳು ಸಡಿಲ ಆಗಿ ಬಾಗಿಲು ಜೋತುಬಿದ್ದಿದೆಯೇ? ತೇವಕ್ಕೆ ಮರ ಉಬ್ಬಿದೆಯೇ? ಸುತ್ತ ಹೊಸದಾಗಿ ರಬ್ಬರ್ ಪಟ್ಟಿ ಅಂಟಿಸಿದ್ದೀರಾ? ದಪ್ಪ ರಬ್ಬರ್ ಪಟ್ಟಿ ಒಂದೇ ಸಾಕು, ಚೆನ್ನಾಗಿದ್ದ ಬಾಗಿಲನ್ನು ನಿಲ್ಲಿಸಿಬಿಡುತ್ತದೆ. ಇದೆಲ್ಲ ಸರಿ ಮಾಡದೆ ಸ್ಪ್ರಿಂಗ್ ಏರಿಸಿದರೆ ಆ ಉಜ್ಜಾಟಕ್ಕೆ ನೀವು ದಿನವೂ ಕೈಯಿಂದ ದಂಡ ಕಟ್ಟಿದ ಹಾಗೆ.

ಇಷ್ಟೂ ಆಗಿ ಬಾಗಿಲು ಹಗುರ ಇದೆ, ಬೀಗ ಸರಿ ಇದೆ, ಆದರೂ ಕೊನೆಗೆ ನಿಲ್ಲುತ್ತಿದೆ ಅಂದರೆ ಈಗ ತೋಳು ಮತ್ತೆ ಜೋಡಿಸಿ ವಾಲ್ವಿಗೆ ಬನ್ನಿ. ಬಹುತೇಕ ಕ್ಲೋಸರುಗಳಲ್ಲಿ ಎರಡು ಸ್ಕ್ರೂ ಇರುತ್ತವೆ. ಮುಚ್ಚಳದ ಕೆಳಗೆ ಅಥವಾ ತುದಿಯಲ್ಲಿ, ಕೆಲವಕ್ಕೆ 1, 2 ಅಂತ, ಕೆಲವಕ್ಕೆ ಎಸ್, ಎಲ್ ಅಂತ ಗುರುತು. ಒಂದು ಬಾಗಿಲು ತೆರೆದ ಕಡೆಯಿಂದ ಚೌಕಟ್ಟಿನ ಹತ್ತಿರ ಬರುವವರೆಗಿನ ವೇಗ. ಇನ್ನೊಂದು ಕೊನೆಯ 10-15 ಡಿಗ್ರಿಯ ವೇಗ, ಅಂದರೆ ನಾಲಿಗೆ ತಟ್ಟೆ ದಾಟಬೇಕಾದ ಜಾಗ. ನಿಮ್ಮ ಬಾಗಿಲು ನಿಲ್ಲುತ್ತಿದ್ದದ್ದು ಈ ಎರಡನೆಯ ಜಾಗದಲ್ಲೇ. ಹಾಗಾಗಿ ನೀವು ತಿರುಗಿಸಬೇಕಿದ್ದದ್ದು ಈ ಎರಡನೆಯ ವಾಲ್ವ್, ಸ್ಪ್ರಿಂಗ್ ಅಲ್ಲ. ಎಡಕ್ಕೆ ತಿರುಗಿಸಿದರೆ ವೇಗ ಜಾಸ್ತಿ, ಬಲಕ್ಕೆ, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ನಿಧಾನ. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ ಮಾತ್ರ. ಅದೇನು ತಿರುಗಿತೋ ಇಲ್ಲವೋ ಅನ್ನಿಸುವಷ್ಟು ಸಣ್ಣದು, ಆದರೆ ಪರಿಣಾಮ ದೊಡ್ಡದು. ತಿರುಗಿಸಿ, ಮೂರ್ನಾಲ್ಕು ಸಲ ಬಾಗಿಲು ತೆರೆದು ಮುಚ್ಚಿ, ಆಮೇಲೆ ಮುಂದಿನ ತೀರ್ಮಾನ. ಗುರುತೇ ಇಲ್ಲದಿದ್ದರೂ ಚಿಂತೆ ಬೇಡ. ಒಂದನ್ನು ಸ್ವಲ್ಪ ತಿರುಗಿಸಿ ಬಾಗಿಲಿನ ಯಾವ ಭಾಗದ ವೇಗ ಬದಲಾಯಿತು ನೋಡಿ, ತಾನೇ ಗೊತ್ತಾಗುತ್ತದೆ. ಮೂರನೆಯ ಸ್ಕ್ರೂ ಇದ್ದರೆ ಅದು ಸಾಮಾನ್ಯವಾಗಿ ಬಾಗಿಲನ್ನು ಜೋರಾಗಿ ತೆರೆದಾಗ ತಡೆಯುವುದಕ್ಕೆ. ನಿಮ್ಮ ತೊಂದರೆಗೆ ಅದರ ಸಂಬಂಧ ಇಲ್ಲ, ಮುಟ್ಟಬೇಡಿ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮನಸ್ಸಿಟ್ಟು ಓದಿ. ವಾಲ್ವ್ ಸ್ಕ್ರೂವನ್ನು ಯಾವತ್ತೂ ಪೂರ್ತಿ ಹೊರಗೆ ತೆಗೆಯಬೇಡಿ. ಅದರ ತಲೆ ಕ್ಲೋಸರಿನ ಮೈಯಿಂದ ಹೊರಗೆ ಬರುವಷ್ಟು ಸಹ ಬಿಚ್ಚಬೇಡಿ. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಭಾರಿ ಬಾಗಿಲಿನ ಕ್ಲೋಸರಿಗೆ ಹೀಗೆ ಮಾಡಿದ್ದೆ. ಎಣ್ಣೆ ಒತ್ತಡದಲ್ಲಿ ಚಿಮ್ಮಿ ಗೋಡೆ, ಬಟ್ಟೆ ಎಲ್ಲಕ್ಕೂ ಹತ್ತಿತು. ತಡೆ ಇಲ್ಲದ ಬಾಗಿಲು ಪೂರ್ತಿ ಬಲದಿಂದ ಬಂದು ಚೌಕಟ್ಟಿಗೆ ಅಪ್ಪಳಿಸಿತು. ನಡುವೆ ಯಾರ ಕೈಯೂ ಇರಲಿಲ್ಲ ಅನ್ನುವುದು ಇವತ್ತಿಗೂ ನನಗೆ ಸಮಾಧಾನದ ಸಂಗತಿ. ಹೋದ ಎಣ್ಣೆಯನ್ನು ಮನೆಯಲ್ಲಿ ಮತ್ತೆ ತುಂಬಲು ಬರುವುದಿಲ್ಲ, ಆ ಕ್ಲೋಸರನ್ನು ಬಿಸಾಡಿದ್ದೇ ಆಯಿತು.

ವೇಗ ಎಷ್ಟಿರಬೇಕು? ಅಮೆರಿಕದಲ್ಲಿ ಅಂಗವಿಕಲರ ಅನುಕೂಲಕ್ಕಾಗಿ ಮಾಡಿದ 2010ರ ಮಾನದಂಡದಲ್ಲಿ ಒಂದು ಒಳ್ಳೆಯ ಅಳತೆ ಇದೆ. ಕ್ಲೋಸರ್ ಇರುವ ಬಾಗಿಲು 90 ಡಿಗ್ರಿಯಿಂದ 12 ಡಿಗ್ರಿಗೆ ಬರಲು ಕಡಿಮೆ ಅಂದರೂ 5 ಸೆಕೆಂಡ್ ತೆಗೆದುಕೊಳ್ಳಬೇಕು. 12 ಡಿಗ್ರಿ ಅಂದರೆ ಸಾಮಾನ್ಯ ಅಗಲದ ಬಾಗಿಲಿನಲ್ಲಿ ಹೆಚ್ಚುಕಡಿಮೆ ಒಂದು ಗೇಣಿನಷ್ಟು ಸಂದು. ಅಲ್ಲಿಂದ ಮುಂದಿನ ಓಟ ನಾಲಿಗೆ ಕ್ಲಿಕ್ ಅಂತ ಬೀಳುವಷ್ಟು ಚುರುಕಾಗಿ, ಆದರೆ ಬಡಿಯದ ಹಾಗೆ ಇರಲಿ. ನಿಮ್ಮ ಅಮ್ಮ ನಿಧಾನವಾಗಿ ನಡೆಯುವವರಾದರೆ ಮೊದಲ ಭಾಗವನ್ನು 7-8 ಸೆಕೆಂಡಿಗೆ ಏರಿಸಿದರೂ ನಷ್ಟ ಇಲ್ಲ. ಅದೇ ಮಾನದಂಡ ಒಳಬಾಗಿಲುಗಳನ್ನು ತೆರೆಯಲು 22 ನ್ಯೂಟನ್‌ಗಿಂತ ಸ್ವಲ್ಪವೇ ಮೇಲೆ ಮಿತಿ ಹಾಕುತ್ತದೆ, ಅಂದರೆ ಸುಮಾರು 2.3 ಕೆಜಿ ಎಳೆತ. ಅದು ಮುಂಬಾಗಿಲಿಗೆ ಮತ್ತು ಬೆಂಕಿ ತಡೆಯುವ ಬಾಗಿಲಿಗೆ ಕಡ್ಡಾಯ ಅಲ್ಲ, ಆದರೆ ಅಮ್ಮನ ಕೈಗೆ ಎಷ್ಟು ಭಾರ ಅಂತ ತಿಳಿಯಲು ಒಳ್ಳೆಯ ಗುರಿ. ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ಇದ್ದರೆ ಹಿಡಿಕೆಗೆ ಸಿಕ್ಕಿಸಿ, ನಾಲಿಗೆ ಒಳಗಿರುವಾಗ ನಿಧಾನವಾಗಿ ಎಳೆದು ನೋಡಿ. ಎಳೆಯುವುದು ಬಾಗಿಲು ತೆರೆಯುವ ದಿಕ್ಕಿಗೇ ಇರಬೇಕು, ಓರೆಯಾಗಿ ಅಲ್ಲ.

ಈಗ ಸ್ಪ್ರಿಂಗ್. ವಾಲ್ವ್ ಎಲ್ಲ ಸರಿ ಹೊಂದಿಸಿದ ಮೇಲೂ ಬಾಗಿಲು ಮುಚ್ಚಲು ಶಕ್ತಿ ಸಾಲದು ಅನ್ನಿಸಿದರೆ ಮಾತ್ರ. ಶಕ್ತಿ ಸಾಲುತ್ತಿದೆಯೋ ಇಲ್ಲವೋ ತಿಳಿಯಲು ನಾನು ಯಾವಾಗಲೂ ಒಂದೇ ಪರೀಕ್ಷೆ ಮಾಡುತ್ತೇನೆ. ಬಾಗಿಲನ್ನು ಒಂದು ಅಂಗೈ ಅಗಲ ಮಾತ್ರ ತೆರೆದು, ಅಲ್ಲಿ ಒಂದು ಕ್ಷಣ ನಿಲ್ಲಿಸಿ, ಕೈಬಿಡುತ್ತೇನೆ. ದೂರದಿಂದ ಬರುವ ಬಾಗಿಲಿಗೆ ಓಟದ ರಭಸ ಇರುತ್ತದೆ, ಅದು ಬೀಗವನ್ನು ಬಡಿದು ಒಳಗೆ ಹೋಗಿಬಿಡುತ್ತದೆ, ಸ್ಪ್ರಿಂಗಿನ ನಿಜವಾದ ಬಲ ಕಾಣುವುದೇ ಇಲ್ಲ. ಅಂಗೈ ಅಗಲದಿಂದ ಬಿಟ್ಟಾಗ ರಭಸ ಇಲ್ಲ, ಬಲ ಮಾತ್ರ. ಅಲ್ಲಿಂದ ನಾಲಿಗೆ ಬಿದ್ದರೆ ಸ್ಪ್ರಿಂಗ್ ಸಾಕು, ಇನ್ನು ಒಂದು ಎಳೆಯಷ್ಟೂ ಏರಿಸಬೇಡಿ. ಬೀಳಲಿಲ್ಲ ಅಂದರೆ ನೀವು ಮೊದಲು ಬಿಗಿ ಮಾಡಿದ್ದ ತುದಿಯ ಸ್ಪ್ರಿಂಗ್ ಸ್ಕ್ರೂವನ್ನು (ವಾಲ್ವ್ ಸ್ಕ್ರೂ ಅಲ್ಲ) ಬಲಕ್ಕೆ ಎರಡು ಸುತ್ತು ತಿರುಗಿಸಿ ಮತ್ತೆ ನೋಡಿ. ಗಮನಿಸಿ, ವಾಲ್ವಿಗೆ ಸುತ್ತಿನ ಎಂಟನೇ ಭಾಗ, ಸ್ಪ್ರಿಂಗಿಗೆ ಪೂರ್ತಿ ಸುತ್ತುಗಳು. ಇವನ್ನು ಅದಲು ಬದಲು ಮಾಡಿಕೊಂಡವರೇ ಕ್ಲೋಸರ್ ಕೆಡಿಸುವುದು. ಸ್ಪ್ರಿಂಗ್ ಬದಲಾಯಿಸಿದ ಮೇಲೆ ವೇಗವೂ ಬದಲಾಗಿರುತ್ತದೆ, ಹಾಗಾಗಿ ವಾಲ್ವ್ ಎರಡನ್ನೂ ಮತ್ತೊಮ್ಮೆ ನೋಡಬೇಕು.

ಸ್ಕ್ರೂ ತುದಿ ಮುಟ್ಟಿದರೂ ಬಲ ಸಾಲದಿದ್ದರೆ ಕ್ಲೋಸರ್ ಆ ಬಾಗಿಲಿಗೆ ಚಿಕ್ಕದು. ಯೂರೋಪಿನ ಇಎನ್ 1154 ಮಾನದಂಡದಲ್ಲಿ ಕ್ಲೋಸರುಗಳನ್ನು 1ರಿಂದ 7ರವರೆಗೆ ಅಳತೆ ಮಾಡಿದ್ದಾರೆ. 2ನೇ ಅಳತೆಯದು 850 ಮಿಲಿಮೀಟರ್ ಅಗಲ, 40 ಕೆಜಿ ತೂಕದ ಬಾಗಿಲಿನವರೆಗೆ. 3ನೆಯದು 950 ಮಿಲಿಮೀಟರ್, 60 ಕೆಜಿ. 4ನೆಯದು 1100 ಮಿಲಿಮೀಟರ್, 80 ಕೆಜಿ. ತೂಕಕ್ಕಿಂತ ಅಗಲ ಮುಖ್ಯ ಅಂತ ನೆನಪಿಡಿ. ತೋಳು ಹೇಗೆ ಕೂತಿದೆ ಅನ್ನುವುದೂ ಮುಖ್ಯ. ಮುಚ್ಚಿದಾಗ ತೋಳು ಬಾಗಿಲಿನಿಂದ ಹೊರಗೆ ಚಾಚಿಕೊಂಡಿದ್ದರೆ ಬಲ ಚೆನ್ನಾಗಿ ಸಿಗುತ್ತದೆ. ಬಾಗಿಲಿಗೆ ಸಮನಾಗಿ ಮಲಗಿರುವ ಜೋಡಣೆಯಲ್ಲಿ ಅದೇ ಕ್ಲೋಸರ್ ಕಡಿಮೆ ಬಲ ಕೊಡುತ್ತದೆ.

ಇನ್ನು ಒಳಗಿನ ಸ್ಪ್ರಿಂಗ್ ಹಿಂಜ್ ಬಾಗಿಲು. ನಿಮ್ಮ ಮಾತಿನಲ್ಲಿ ಒಂದು ಸುಳಿವಿದೆ. ಅದು ಅರ್ಧ ದಾರಿಗೇ ನಿಲ್ಲುತ್ತದೆ ಅಂದಿರಿ. ಹಿಂಜಿನ ಸ್ಪ್ರಿಂಗ್ ಬಾಗಿಲು ಜಾಸ್ತಿ ತೆರೆದಷ್ಟೂ ಜಾಸ್ತಿ ತಿರುಚಿಕೊಳ್ಳುತ್ತದೆ, ಆಗ ಬಲ ಜಾಸ್ತಿ. ಮುಚ್ಚುತ್ತಾ ಬಂದಂತೆ ಬಲ ಇಳಿಯುತ್ತದೆ. ಬರೀ ಟೆನ್ಷನ್ ಕಡಿಮೆ ಆಗಿದ್ದರೆ ಸಾಮಾನ್ಯವಾಗಿ ಕೊನೆಯಲ್ಲಿ, ಬೀಗದ ಹತ್ತಿರ ಸೋಲಬೇಕು. ಅರ್ಧಕ್ಕೇ ನಿಲ್ಲುತ್ತಿದ್ದರೆ ಅಲ್ಲಿ ಏನೋ ಹಿಡಿಯುತ್ತಿದೆ: ನೆಲ ಏರಾಗಿರಬಹುದು, ಹಿಂಜುಗಳು ಒಂದೇ ಗೆರೆಯಲ್ಲಿ ಇಲ್ಲದಿರಬಹುದು, ಇಲ್ಲವೇ ಒಂದು ಸ್ಪ್ರಿಂಗ್ ಮುರಿದಿರಬಹುದು. ಆದ್ದರಿಂದ ಮೊದಲು ಎಲ್ಲ ಹಿಂಜುಗಳ ಟೆನ್ಷನ್ ಬಿಟ್ಟು, ಬಾಗಿಲನ್ನು ಬೆರಳಲ್ಲಿ ಆಡಿಸಿ ನೋಡಿ.

ಹಿಂಜಿನ ತಲೆಯಲ್ಲಿ ಆರು ಮೂಲೆಯ ಕುಳಿ ಇರುತ್ತದೆ, ಅಲೆನ್ ಕೀ ಹಾಕುವುದಕ್ಕೆ. ಅದರ ಸುತ್ತ ಸಣ್ಣ ತೂತುಗಳು, ಒಂದರಲ್ಲಿ ಚಿಕ್ಕ ಪಿನ್. ಬಾಗಿಲು ಮುಚ್ಚಿ. ಕಣ್ಣಿಗೆ ಕನ್ನಡಕ ಹಾಕಿ, ಇದು ಸುಮ್ನೆ ಹೇಳುವ ಮಾತಲ್ಲ, ಕೀ ಜಾರಿದರೆ ಪಿನ್ ಗುಂಡಿನ ಹಾಗೆ ಹಾರುತ್ತದೆ. ಹಿಂಜಿಗೆ ಸರಿಯಾಗಿ ಕೂರುವ ಕೀ ತೆಗೆದುಕೊಂಡು, ಸ್ಪ್ರಿಂಗ್ ಎದುರಿಸುವ ದಿಕ್ಕಿಗೆ ತಿರುಗಿಸಿ. ಕೈಗೆ ವಿರೋಧ ಸಿಗುವ ಕಡೆಯೇ ಬಿಗಿಯಾಗುವ ದಿಕ್ಕು. ಸ್ವಲ್ಪ ತಿರುಗಿದ ಕೂಡಲೇ ಪಿನ್ ಮೇಲಿನ ಭಾರ ಹೋಗಿ ಅದು ಸಡಿಲ ಆಗುತ್ತದೆ. ಕೀ ಬಿಡದೆ, ಇನ್ನೊಂದು ಕೈಯಲ್ಲಿ ಇಕ್ಕಳದಿಂದ ಪಿನ್ ಎಳೆಯಿರಿ. ಬಿಗಿ ಮಾಡುವುದಾದರೆ ಮುಂದಿನ ತೂತು ಬರುವವರೆಗೆ ತಿರುಗಿಸಿ ಪಿನ್ ಹಾಕಿ, ಬಿಡುವುದಾದರೆ ಕೀಯನ್ನು ನಿಧಾನವಾಗಿ ಹಿಂದಕ್ಕೆ ಬಿಡಿ. ಪಿನ್ ಒರಗಿ ಕೂತ ಮೇಲೆ ಕೀ ತೆಗೆಯಿರಿ. ಕೆಲವು ಮಾದರಿಗಳಲ್ಲಿ ಪಿನ್ ಇರುವುದಿಲ್ಲ, ಒಳಗೇ ಹಲ್ಲಿನ ಚಕ್ರ ಇದ್ದು ಕಟಕಟ ಅನ್ನುತ್ತಾ ಬಿಗಿಯಾಗುತ್ತದೆ. ಅದು ಇನ್ನೂ ಸುಲಭ.

ಎರಡು ಸ್ಪ್ರಿಂಗ್ ಹಿಂಜ್ ಇದ್ದರೆ ಎರಡಕ್ಕೂ ಒಂದೊಂದೇ ತೂತು ಏರಿಸುತ್ತಾ ಹೋಗಿ. ಒಂದನ್ನೇ ಪೂರ್ತಿ ಬಿಗಿದು ಇನ್ನೊಂದನ್ನು ಬಿಟ್ಟರೆ ಬಿಗಿದದ್ದು ಬೇಗ ಸವೆಯುತ್ತದೆ. ಎಲ್ಲ ಹಿಂಜೂ ಕೊನೆಯ ತೂತಿಗೆ ಬಂದು ಇನ್ನೂ ಸಾಲದಿದ್ದರೆ ನಡುವಿನ ಸಾದಾ ಹಿಂಜನ್ನೂ ಸ್ಪ್ರಿಂಗ್ ಹಿಂಜ್ ಮಾಡಿ. ಅತಿಯಾಗಿ ತಿರುಚಿದ ಸ್ಪ್ರಿಂಗ್ ಒಳಗೇ ಮುರಿಯುತ್ತದೆ. ಒಂದು ವಿಷಯ ಒಪ್ಪಿಕೊಳ್ಳಬೇಕು: ಇದರಲ್ಲಿ ಎಣ್ಣೆ ಇಲ್ಲ, ವೇಗಕ್ಕೆ ಬೇರೆ ಸ್ಕ್ರೂ ಇಲ್ಲ. ಬಲ ಏರಿಸಿದರೆ ವೇಗವೂ ಏರುತ್ತದೆ. ಮೇಲೆ ಹೇಳಿದ ಅಮೆರಿಕದ ಮಾನದಂಡ ಇದಕ್ಕೆ 70 ಡಿಗ್ರಿಯಿಂದ ಮುಚ್ಚುವವರೆಗೆ ಕನಿಷ್ಠ 1.5 ಸೆಕೆಂಡ್ ಇರಲಿ ಅನ್ನುತ್ತದೆ, ಅದೂ ಸಾಕಷ್ಟು ಬೇಗವೇ ಅಲ್ವಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಹಿಂಜಿನ ಕಡೆಯ ಸಂದಿಗೆ ಬೆರಳು ಹೋಗದ ಹಾಗೆ ಪಟ್ಟಿ ಹಾಕಿ. ಬಾಗಿಲು ಬಡಿಯುವುದು ತಪ್ಪಲೇಬೇಕು ಅಂದರೆ ಸಾದಾ ಹಿಂಜ್ ಹಾಕಿ ಮೇಲೊಂದು ಚಿಕ್ಕ ಕ್ಲೋಸರ್ ಕೂರಿಸುವುದೇ ನನ್ನ ಸಲಹೆ.

ಈಗ ಬೆಂಕಿಯ ಮಾತು. ನಿಮ್ಮ ಎರಡರಲ್ಲಿ ಯಾವುದಾದರೂ ಬೆಂಕಿ, ಹೊಗೆ ತಡೆಯಲು ಹಾಕಿದ ಬಾಗಿಲಾಗಿದ್ದರೆ (ಅಂಚಿನಲ್ಲಿ ಚಿಕ್ಕ ತಗಡು ಅಥವಾ ಚೀಟಿ ಇರುತ್ತದೆ) ಅದು ತೆರೆದ ಯಾವ ಜಾಗದಿಂದ ಬಿಟ್ಟರೂ ತಾನಾಗಿ ಮುಚ್ಚಿ ನಾಲಿಗೆ ಬೀಳಲೇಬೇಕು. ಅಂಥ ಬಾಗಿಲಿಗೆ ಯೂರೋಪಿನ ಮಾನದಂಡ 3ನೇ ಅಳತೆಗಿಂತ ಕಡಿಮೆಯ ಕ್ಲೋಸರನ್ನು ಒಪ್ಪುವುದಿಲ್ಲ. ಅದನ್ನು ಒಂದು ವಾರವೂ ಅರೆತೆರೆದು ಬಿಡಬೇಡಿ, ಕೆಳಗೆ ಮರದ ತುಂಡು ಸಿಕ್ಕಿಸಬೇಡಿ, ಸರಿಮಾಡುವವರನ್ನು ಅಂದೇ ಕರೆಸಿ.

ಕ್ಲೋಸರಿನ ಕೆಳಗೆ ಅಥವಾ ತೋಳು ಕೂರುವ ಕಡೆ ಎಣ್ಣೆಯ ಕಲೆ ಕಂಡರೆ ಇಲ್ಲಿ ಬರೆದದ್ದೆಲ್ಲ ಬಿಟ್ಟುಬಿಡಿ, ಹೊಸದು ತನ್ನಿ. ಎಣ್ಣೆ ಸೋರಿದ ಕ್ಲೋಸರಿಗೆ ವಾಲ್ವ್ ಎಷ್ಟು ತಿರುಗಿಸಿದರೂ ವೇಗ ಹತೋಟಿಗೆ ಬರುವುದಿಲ್ಲ. ಕಲೆ ಇಲ್ಲದೆ, ಬರೀ ಚಳಿಗಾಲದಲ್ಲಿ ನಿಧಾನ, ಬೇಸಿಗೆಯಲ್ಲಿ ಬೇಗ ಆಗುತ್ತಿದ್ದರೆ ಗಾಬರಿ ಬೇಡ, ಚಳಿಗೆ ಎಣ್ಣೆ ದಪ್ಪ ಆಗುತ್ತದೆ, ಬಿಸಿಲಿಗೆ ತೆಳು ಆಗುತ್ತದೆ. ಕೆಲವು ತಿಂಗಳಿಂದ ಹೀಗಾಗಿದೆ ಅಂದಿರಲ್ಲ, ಹವೆ ತಂಪಾದಾಗ ಶುರುವಾಗಿದ್ದರೆ ಕೊನೆಯ ವಾಲ್ವನ್ನು ಎಂಟನೇ ಒಂದು ಸುತ್ತು ಬಿಟ್ಟರೆ ಸಾಕಿತ್ತು ಅಂತ ನನಗನ್ನಿಸುತ್ತದೆ.

ಎಲ್ಲ ಮುಗಿದ ಮೇಲೆ ಯಾವ ಸ್ಕ್ರೂ ಎಷ್ಟು ತಿರುಗಿಸಿದಿರಿ, ಯಾವ ತಿಂಗಳು ಅಂತ ಒಂದು ಚೀಟಿಯಲ್ಲಿ ಬರೆದು ಕ್ಲೋಸರಿನ ಮುಚ್ಚಳದ ಒಳಗೆ ಅಂಟಿಸಿ. ಹವೆ ಬದಲಾದಾಗ ಅದೇ ಎಂಟನೇ ಭಾಗ ಹಿಂದಕ್ಕೆ ತಿರುಗಿಸಲು ಬೇಕಾಗುತ್ತದೆ.